ಹಡಗು ಎಲ್ಲಿ ನಿಲ್ಲುತ್ತದೆ ಎಂದು ಊರಿಗೆ ಗೊತ್ತಿರಬೇಕು

ಮಂಗಳೂರಿಗೆ ಬಂದರು ಎರಡು. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯ ಒಳಗೆ, ಪೇಟೆಗೆ ಅಂಟಿಕೊಂಡಿರುವುದು ಹಳೆ ಬಂದರು. ಅಲ್ಲಿಂದ ಸುಮಾರು 10 ಕಿ.ಮೀ. ಉತ್ತರಕ್ಕೆ, ಪಣಂಬೂರಿನಲ್ಲಿ ಇರುವುದು 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ನವಮಂಗಳೂರು ಬಂದರು. ಮೊದಲನೆಯದು ರಾಜ್ಯದ ಜಲಸಾರಿಗೆ ಮಂಡಳಿಗೆ ಸೇರಿದ್ದು, ಎರಡನೆಯದು ಕೇಂದ್ರದ ಬಂದರು ಪ್ರಾಧಿಕಾರಕ್ಕೆ. ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು ಹಳೆ ಬಂದರಿನಿಂದ ಹೊರಡುತ್ತವೆ. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಪ್ರಯಾಣಿಕರನ್ನು ಕರೆತಂದ ವೇಗದ ಹಡಗು 'ಪರಳಿ' ಬಂದು ನಿಂತದ್ದೂ ಅಲ್ಲಿಯೇ. ವಿದೇಶಿ ಪ್ರವಾಸಿಗರ ಕ್ರೂಸ್ ಹಡಗುಗಳಿಗೆ ಮಾತ್ರ ಅಲ್ಲಿನ ಆಳ ಸಾಲದು, ಅವು ಪಣಂಬೂರಿಗೇ ಬರಬೇಕು. ಕರಾವಳಿಯಲ್ಲಿ ಕ್ರೂಸ್ ಪ್ರವಾಸೋದ್ಯಮ ಬೆಳೆಯಬೇಕೆಂಬ ಮಾತು ಬಂದಾಗಲೆಲ್ಲ ನಮ್ಮ ಗಮನ ದೊಡ್ಡ ಟರ್ಮಿನಲ್ ಕಟ್ಟಡದ ಕಡೆ ಹೋಗುತ್ತದೆ. ಅದಕ್ಕೂ ಮೊದಲು ಆಗಬೇಕಾದ ಕೆಲಸ ಬೇರೆ ಇದೆ. ಯಾವ ಬಂದರು, ಯಾವ ಗೇಟು, ಗೇಟಿನಿಂದ ಯಾವ ರಸ್ತೆ ಎಂಬ ಪ್ರಶ್ನೆಗಳಿಗೆ ಪ್ರಯಾಣಿಕನಿಗೂ ಆಟೋ ಚಾಲಕನಿಗೂ ಒಂದೇ ಉತ್ತರ ಸಿಗಬೇಕು.

ಇಂಥ ಗೊಂದಲವನ್ನು ಈ ಊರು ಹಿಂದೆ ಬಗೆಹರಿಸಿಕೊಂಡಿದೆ. ಮಂಗಳೂರು ಸೆಂಟ್ರಲ್ ಬೇರೆ, ಕಂಕನಾಡಿಯ ಮಂಗಳೂರು ಜಂಕ್ಷನ್ ಬೇರೆ. ಹೊಸಬರು ಈಗಲೂ ಒಮ್ಮೊಮ್ಮೆ ತಪ್ಪುತ್ತಾರೆ, ಆದರೆ ಟಿಕೆಟ್ ಮೇಲೆ ನಿಲ್ದಾಣದ ಹೆಸರು ಇರುತ್ತದೆ ಮತ್ತು ಆಟೋದವರು "ಸೆಂಟ್ರಲಾ, ಜಂಕ್ಷನಾ?" ಎಂದು ಕೇಳಿಯೇ ಮೀಟರ್ ಹಾಕುತ್ತಾರೆ. ಹಡಗಿನ ಪ್ರಯಾಣಕ್ಕೂ ಇಷ್ಟೇ ಸಾಕು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಐದು ಕ್ರೂಸ್ ಟರ್ಮಿನಲ್‌ಗಳಿವೆ. ಓಷನ್ ಟರ್ಮಿನಲ್‌ಗೆ ಡಾಕ್ ಗೇಟ್ 4, ಸಿಟಿ ಟರ್ಮಿನಲ್‌ಗೆ 8, ಮೇಫ್ಲವರ್‌ಗೆ 10 ಎಂದು ಗೇಟಿನ ಸಂಖ್ಯೆಯಿಂದಲೇ ದಾರಿ ಹೇಳುತ್ತಾರೆ. ಹಡಗುಕಟ್ಟೆ ಎಷ್ಟೇ ಗಿಜಿಗುಡುತ್ತಿದ್ದರೂ ಪ್ರಯಾಣಿಕ ನೆನಪಿಡಬೇಕಾದದ್ದು ಒಂದು ಅಂಕಿ.

ಪಣಂಬೂರಿನ ಒಳಗೆ ಕೆಲಸ ಆಗಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಸಮುದ್ರದ ಮೂಲಕ ಬರುವವರಿಗೆ ಇ-ವೀಸಾ ಸೌಲಭ್ಯ ಮೊದಲು ಸಿಕ್ಕಿದ ಐದು ಬಂದರುಗಳಲ್ಲಿ ಇದೂ ಒಂದು. ಕೋವಿಡ್ ಬಿಡುವಿನ ನಂತರ 2022ರ ನವೆಂಬರ್ 28ರಂದು 'ಯುರೋಪಾ 2' ಇಲ್ಲಿನ 4ನೇ ಬರ್ತ್‌ಗೆ ಬಂದಾಗ ಚೆಂಡೆಯ ಸ್ವಾಗತ, ವಲಸೆ ಮತ್ತು ಕಸ್ಟಮ್ಸ್ ತಪಾಸಣೆಯ ಕೌಂಟರ್, ಕರಕುಶಲ ಮಳಿಗೆ, ಬಸ್ಸು, ಟ್ಯಾಕ್ಸಿ ಎಲ್ಲ ಸಜ್ಜಾಗಿದ್ದವು. ಕೊರತೆ ಕಾಣುವುದು ಗೇಟಿನ ಹೊರಗೆ. ಪಣಂಬೂರು ಮೂಲತಃ ಸರಕಿನ ಬಂದರು. ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲು, ಕಂಟೇನರುಗಳ ಜಾಗ. ಅದರ ಮುಂದಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಟ್ಯಾಂಕರುಗಳ ಸಾಲು ತಪ್ಪಿದ್ದಲ್ಲ. ಆ ಸಾಲಿನ ನಡುವೆ ವಯಸ್ಸಾದ ವಿದೇಶಿ ದಂಪತಿಯೋ, ದಡಕ್ಕಿಳಿಯಲು ಶೋರ್ ಪಾಸ್ ಹಿಡಿದ ಹಡಗಿನ ಸಿಬ್ಬಂದಿಯೋ ನಡೆದು ಬಂದು ವಾಹನ ಹುಡುಕಬೇಕಾಗಿ ಬಂದರೆ, ಒಳಗೆ ಮಾಡಿದ ಸ್ವಾಗತಕ್ಕೆ ಅರ್ಥ ಉಳಿಯುವುದಿಲ್ಲ.

ಇನ್ನು ರಸ್ತೆ. ಕ್ರೂಸ್ ಹಡಗು ಬೆಳಿಗ್ಗೆ ಬಂದು ಸಂಜೆಗೆ ಹೊರಡುತ್ತದೆ, ಪ್ರಯಾಣಿಕನ ಕೈಯಲ್ಲಿ ಇರುವುದು ಕೆಲವೇ ತಾಸು. ಅಷ್ಟರಲ್ಲಿ ಅವರು ನೋಡುವ ಸ್ಥಳಗಳಲ್ಲಿ ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್ ಪೇಟೆಯೊಳಗಿವೆ. ಉಳಿದವುಗಳಿಗೆ, ಅಂದರೆ ಪಿಲಿಕುಳ ನಿಸರ್ಗಧಾಮ, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರ ಕಾರ್ಕಳದ ಗೊಮ್ಮಟ, ಇವಕ್ಕೆಲ್ಲ ಹೋಗುವುದು ವಾಮಂಜೂರಿನ ಮೇಲೆ. ಪಿಲಿಕುಳಕ್ಕೆ ವಾಮಂಜೂರಿನ ಹತ್ತಿರ ಮೂಡುಶೆಡ್ಡೆಯ ಕಡೆ ತಿರುಗಬೇಕು. ಮೂಡುಬಿದಿರೆಗೆ ಗುರುಪುರ ದಾಟಿ ಹೆದ್ದಾರಿ 169ರಲ್ಲಿ ನೇರ. ಪಣಂಬೂರಿನಿಂದ ವಾಮಂಜೂರಿಗೆ ಬರಲು ನಂತೂರು ವೃತ್ತದ ದಟ್ಟಣೆಗೆ ಸಿಕ್ಕಿಬೀಳಲೇಬೇಕೆಂದಿಲ್ಲ. ಕೂಳೂರು, ಕಾವೂರು, ಬೊಂದೆಲ್, ಪಚ್ಚನಾಡಿ ಮೂಲಕ ಒಳದಾರಿ ಇದೆ. ಊರವರಿಗೆ ಗೊತ್ತಿರುವ ಈ ದಾರಿಯನ್ನು ಹಡಗು ಬರುವ ದಿನಗಳಲ್ಲಾದರೂ ಅಧಿಕೃತ ಪ್ರವಾಸಿ ಮಾರ್ಗವೆಂದು ಗುರುತಿಸಿ, ಗುಂಡಿ ಮುಚ್ಚಿ, ತಿರುವು ತಿರುವಿಗೆ ಕನ್ನಡ ಮತ್ತು ಇಂಗ್ಲಿಷ್ ಫಲಕ ನಿಲ್ಲಿಸಬೇಕು. ಮುಖ್ಯವಾದದ್ದು ಹಿಂದಿರುಗುವ ದಿಕ್ಕಿನ ಫಲಕ. ಪಿಲಿಕುಳದ ಗುತ್ತಿನ ಮನೆ ನೋಡಿ ಹೊರಟವನಿಗೆ ವಾಮಂಜೂರಿನಲ್ಲೇ 'ಕ್ರೂಸ್ ಟರ್ಮಿನಲ್, ಪಣಂಬೂರು' ಎಂಬ ಬರಹ ಕಾಣಬೇಕು. ಬರೀ 'ಬಂದರು' ಎಂದು ಬರೆದರೆ ಹೊಸ ಚಾಲಕ ಅವನನ್ನು ಹಳೆ ಬಂದರಿನ ಮೀನು ದಕ್ಕೆಯ ಹತ್ತಿರ ಇಳಿಸಿಯಾನು. ಹಡಗು ತಡವಾದವರಿಗಾಗಿ ಕಾಯುವುದಿಲ್ಲ.

ಋತುವಿನಲ್ಲಿ ಬರುವುದೇ ಕೆಲವು ಹಡಗು, ಮಳೆಗಾಲದಲ್ಲಿ ಅದೂ ಇಲ್ಲ, ಇಷ್ಟಕ್ಕೆ ಖರ್ಚೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿದೆ. ಅದಕ್ಕಾಗಿಯೇ ಕಟ್ಟಡಕ್ಕಿಂತ ದಾರಿಯನ್ನು ಮುಂದಿಡಬೇಕೆನ್ನುವುದು. ವಿಶಾಖಪಟ್ಟಣದಲ್ಲಿ 2023ರಲ್ಲಿ ತೆರೆದ ಟರ್ಮಿನಲ್‌ಗೆ ಸುಮಾರು 96 ಕೋಟಿ ರೂಪಾಯಿ ತಗುಲಿದೆ. ಕೊಚ್ಚಿಯ ಸಾಗರಿಕಾ ಟರ್ಮಿನಲ್ 2021ರಲ್ಲಿ ಸುಮಾರು 26 ಕೋಟಿಯಲ್ಲಿ ಮುಗಿದಿದೆ. ಫಲಕ, ಪ್ರತ್ಯೇಕ ಗೇಟು, ಗೇಟಿನ ಪಕ್ಕ ನೆರಳಿರುವ ವಾಹನ ನಿಲ್ದಾಣ, ನಿಗದಿತ ದರದ ಟ್ಯಾಕ್ಸಿ ಇವಕ್ಕೆ ಅದರ ಸಣ್ಣ ಪಾಲೂ ಬೇಡ. ಮಾಡಿದ ಕೆಲಸ ಮಳೆಗಾಲದಲ್ಲೂ ವ್ಯರ್ಥವಲ್ಲ: ಕಾವೂರು–ವಾಮಂಜೂರು ರಸ್ತೆ ಚೆನ್ನಾದರೆ ದಿನವೂ ಓಡಾಡುವ ವಿದ್ಯಾರ್ಥಿಗಳಿಗೆ, ನೌಕರರಿಗೆ ಉಪಯೋಗ.

ಭದ್ರತೆಯ ಮಾತೂ ಇದೆ. ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ನಿಯಮ 2004ರ ಜುಲೈಯಿಂದ ಜಾರಿಯಲ್ಲಿದೆ. ಸಿಐಎಸ್ಎಫ್ ಕಾವಲಿರುವ ಸರಕು ಬಂದರಿನೊಳಗೆ ಯಾರು ಬೇಕಾದರೂ ನುಗ್ಗುವಂತಿಲ್ಲ. ನಿಜವೇ. ಆದರೆ ಪ್ರಯಾಣಿಕರ ಗೇಟು ಬೇರೆಯಾದಷ್ಟೂ ಕಾವಲು ಸುಲಭ. ಲಾರಿ ಚಾಲಕ, ಕೂಲಿಯಾಳು, ಪ್ರವಾಸಿ ಎಲ್ಲರೂ ಒಂದೇ ಕಡೆ ಪಾಸ್ ತೋರಿಸುವ ವ್ಯವಸ್ಥೆಯಲ್ಲಿ ಅಪಾಯ ಹೆಚ್ಚು. ಬರುವವರೆಲ್ಲ ಟೂರ್ ಕಂಪನಿಯ ಬಸ್ಸಿನಲ್ಲೇ ಸುತ್ತುತ್ತಾರೆ, ಅವರಿಗೆ ಫಲಕ ಯಾಕೆ ಎಂಬ ವಾದಕ್ಕೆ ಉತ್ತರ ಬಸ್ಸಿನ ಟಿಕೆಟ್ ಕೊಳ್ಳದವರಲ್ಲಿದೆ. ಹಡಗಿನ ನೂರಾರು ಸಿಬ್ಬಂದಿ ಸ್ವಂತ ಲೆಕ್ಕದಲ್ಲಿ ಪೇಟೆಗೆ ಇಳಿಯುತ್ತಾರೆ. ಆಟೋ, ಹೋಟೆಲು, ಬಟ್ಟೆ ಅಂಗಡಿಗೆ ನೇರವಾಗಿ ದುಡ್ಡು ತರುವವರು ಅವರು. ನಾಳೆ ದೇಶದೊಳಗಿನ ಕ್ರೂಸ್‌ಗೆ ಮಂಗಳೂರಿನಲ್ಲೇ ಹತ್ತುವ ಪ್ರಯಾಣಿಕರು ಬಂದರೆ, ಕಾರ್ಕಳದಿಂದಲೋ ಕಾಸರಗೋಡಿನಿಂದಲೋ ಕುಟುಂಬ ಸಮೇತ ಬರುವ ಅವರನ್ನು ಗೇಟಿನವರೆಗೆ ಯಾವ ಟೂರ್ ಬಸ್ಸೂ ತರುವುದಿಲ್ಲ.

ನಿಜವಾದ ತೊಡಕು ಹಣದ್ದಲ್ಲ, ಹೊಣೆಯದ್ದು. ಬಂದರಿನೊಳಗೆ ಪ್ರಾಧಿಕಾರ, ಗೇಟಿನ ಹೊರಗೆ ಹೆದ್ದಾರಿ ಪ್ರಾಧಿಕಾರ, ಕಾವೂರು ಕಡೆ ತಿರುಗಿದರೆ ಪಾಲಿಕೆ ಮತ್ತು ಲೋಕೋಪಯೋಗಿ ಇಲಾಖೆ, ಹಳೆ ಬಂದರಿಗೆ ಜಲಸಾರಿಗೆ ಮಂಡಳಿ. ಪ್ರತಿಯೊಬ್ಬರ ಪಾಲಿನ ತುಂಡು ಸರಿಯಿದ್ದೂ ಪ್ರಯಾಣಿಕನ ಇಡೀ ದಾರಿ ಯಾರದ್ದೂ ಆಗುವುದಿಲ್ಲ. ಕ್ರೂಸ್ ಪ್ರಯಾಣಿಕರನ್ನು 2029ರೊಳಗೆ ಇಮ್ಮಡಿ ಮಾಡುವ ಗುರಿಯಿಟ್ಟು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಕ್ರೂಸ್ ಭಾರತ್ ಮಿಷನ್ ಆರಂಭಿಸಿದೆ. ಆ ಗುರಿಯಲ್ಲಿ ಮಂಗಳೂರಿಗೆ ಪಾಲು ಬೇಕಿದ್ದರೆ ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವ ಕೆಲಸ ಜಿಲ್ಲಾಧಿಕಾರಿಯಿಂದ ಆಗಬೇಕು. ಮುಂದಿನ ಋತುವಿನ ಮೊದಲ ಹಡಗು ಬರುವ ಮುಂಚೆ ಗೇಟಿನ ಸಂಖ್ಯೆ ಪ್ರಕಟವಾಗಲಿ, ವಾಮಂಜೂರಿನಲ್ಲಿ ಮತ್ತು ಕೂಳೂರಿನಲ್ಲಿ ಫಲಕ ನಿಲ್ಲಲಿ.