ಗೃಹಕೃತ್ಯ: ಬಚ್ಚಲಮನೆಯ ಶಾಖದ ಪಂಪು

ಕಳೆದ ಪುಷ್ಯಮಾಸದಲ್ಲಿ ನಾನು ಸೂರಗೊಂಡನಕೊಪ್ಪದಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆನು. ನ್ಯಾಮತಿಯ ಕಡೆಯ ಈ ಊರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಹೆಸರಾದುದು. ಫೆಬ್ರವರಿ ತಿಂಗಳಲ್ಲಿ ಅವರ ಜಯಂತಿಯು ಬಂತೆಂದರೆ ಬಂಜಾರ ಬಂಧುಗಳು ದೂರದೂರದಿಂದ ಯಾತ್ರೆ ಬರುತ್ತಾರೆ. ಆ ದಿನಗಳಲ್ಲಿ ಅಕ್ಕನ ಮನೆಯಲ್ಲಿಯೂ ನೆಂಟರಿಷ್ಟರು ತುಂಬಿರುವರು. ಹೊತ್ತು ಮೂಡುವುದರೊಳಗೆ ಹತ್ತು ಮಂದಿಯ ಸ್ನಾನವಾಗಬೇಕು. ಮೂವತ್ತು ವರ್ಷಗಳ ಕಾಲ ಆಕೆಯು ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು, ಮೆಕ್ಕೆಜೋಳದ ದಂಟು, ಅಡಿಕೆಯ ಸಿಪ್ಪೆ, ಹಸಿ ಸೌದೆ, ಸಿಕ್ಕಿದುದನ್ನೆಲ್ಲ ಹಂಡೆಯ ಒಲೆಗೆ ತುರುಕಿ, ಊದುಗೊಳವೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡವಳು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ತಾಯಿಯ ಕಷ್ಟವನ್ನು ಕಂಡು ಎರಡು ವರ್ಷಗಳ ಹಿಂದೆ ನೀರು ಕಾಯಿಸುವ ‘ಹೀಟ್ ಪಂಪ್’ ಎಂಬ ಯಂತ್ರವೊಂದನ್ನು ಹಾಕಿಸಿಕೊಟ್ಟನು.

ನಾನು ಹೋದ ದಿನವೇ ಅಕ್ಕನು ದೂರು ತೆಗೆದಳು. “ಹೊಗೆ ತಪ್ಪಿತೆಂದು ಹಿಗ್ಗಿದೆನಲ್ಲೇ ತಂಗೀ, ಈಗ ಬಿಲ್ಲು ಬಂದರೆ ಕಣ್ಣಲ್ಲಿ ನೀರು ಬರುತ್ತದೆ. ನಿಮ್ಮ ಭಾವ ಮತ್ತೆ ಒಲೆ ಹಚ್ಚು ಎನ್ನುತ್ತಾರೆ” ಎಂದಳು. ೨೦೨೩ರಲ್ಲಿ ಸರ್ಕಾರವು ಗೃಹಜ್ಯೋತಿ ಯೋಜನೆಯನ್ನು ತಂದಾಗ ತಿಂಗಳಿಗೆ ೨೦೦ ಯೂನಿಟ್ಟುಗಳ ಗಡಿಯನ್ನು ಇಟ್ಟಿತಷ್ಟೆ. ಗಡಿ ದಾಟಿದ ತಿಂಗಳಲ್ಲಿ ಪೂರ್ತಿ ಹಣವನ್ನು ತೆರಬೇಕು. ಚಳಿಗಾಲದಲ್ಲಿ ಇವರ ಮನೆಯ ಲೆಕ್ಕವು ಆ ಗಡಿಯನ್ನು ದಾಟಿಹೋಗುತ್ತಿತ್ತು. ಹೊಗೆಯಿಂದ ಪಾರಾದ ಹೆಂಗಸು ಮತ್ತೆ ಹೊಗೆಗೆ ಹಿಂದಿರುಗಬೇಕೆ ಎಂಬುದೇ ಅಲ್ಲಿನ ಪ್ರಶ್ನೆಯಾಗಿದ್ದಿತು.

ಯಂತ್ರವೆಲ್ಲಿ ಎಂದು ಕೇಳಿದೆನು. ಬಚ್ಚಲಮನೆಗೆ ಅಂಟಿದ ಸೌದೆಯ ಕೋಣೆಗೆ ಅಕ್ಕನು ಕರೆದೊಯ್ದಳು. ಕಳ್ಳರ ಭಯದಿಂದ ಭಾವನವರು ಯಂತ್ರವನ್ನು ಅಲ್ಲಿಡಿಸಿ, ಕಿಟಕಿಗೆ ಹಲಗೆ ಬಡಿದು, ಬಾಗಿಲಿಗೆ ಬೀಗ ಹಾಕಿಸಿದ್ದರು. ಒಳಗೆ ಕಾಲಿಟ್ಟರೆ ಮಂಜಿನ ಗುಹೆಯೊಳಗೆ ಹೊಕ್ಕಂತಾಯಿತು! ನೀರು ಕಾಯಿಸುವ ಕೋಣೆಯು ಇಷ್ಟೇಕೆ ತಣ್ಣಗಿದೆ ಎಂದು ಅಕ್ಕನಿಗೂ ಆಶ್ಚರ್ಯ. ಅವಳ ತೊಂದರೆಯ ಮೂಲವು ಆ ತಂಪಿನಲ್ಲಿಯೇ ಇದ್ದಿತು.

ವಾಚಕರು ತಮ್ಮ ಅಡಿಗೆಮನೆಯ ಫ್ರಿಜ್ಜಿನ ಹಿಂಬದಿಯನ್ನೋ ಪಕ್ಕವನ್ನೋ ಮುಟ್ಟಿ ನೋಡಲಿ. ಒಳಗೆ ತಂಪು, ಹೊರಗೆ ಬಿಸಿ. ಒಳಗಿನ ಹಾಲು-ತರಕಾರಿಗಳಲ್ಲಿದ್ದ ಶಾಖವನ್ನು ಹೀರಿ ಹೊರಗೆ ಚೆಲ್ಲುವುದೇ ಅದರ ಕೆಲಸ. ಶಾಖದ ಪಂಪೂ ಅದೇ ಜಾತಿಯದು. ಅದು ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ತೊಟ್ಟಿಯ ನೀರಿಗೆ ಸೇರಿಸುತ್ತದೆ; ತಂಪಾದ ಗಾಳಿಯನ್ನು ಹೊರಕ್ಕೆ ಊದುತ್ತದೆ. ಬಾವಿಯ ರಾಟೆಯು ನೀರನ್ನು ಹುಟ್ಟಿಸುವುದಿಲ್ಲ, ಕೆಳಗಿದ್ದುದನ್ನು ಮೇಲಕ್ಕೆ ತರುತ್ತದೆ. ಇದೂ ಹಾಗೆಯೇ. ಇಂತಹ ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ ಎಂಬ ವಿಜ್ಞಾನಿಯು ೧೮೫೨ರಲ್ಲಿಯೇ ಬರೆದನು. ೧೯೩೮ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದವರು ಲಿಮ್ಮಾಟ್ ನದಿಯ ತಣ್ಣೀರಿನಿಂದಲೇ ಶಾಖವನ್ನು ಎತ್ತಿ ತಮ್ಮ ಪುರಭವನವನ್ನು ಬೆಚ್ಚಗೆ ಮಾಡಿಕೊಂಡರು. ಹಿಮದ ದೇಶದ ಹೊಳೆಯಲ್ಲಿಯೇ ಅಷ್ಟು ಶಾಖವು ಸಿಕ್ಕುವುದಾದರೆ ನಮ್ಮ ಬಯಲುಸೀಮೆಯ ಮಧ್ಯಾಹ್ನದ ಗಾಳಿಯಲ್ಲಿ ಎಷ್ಟಿರಬೇಡ!

ಲಾಭವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ೧೫೦ ಲೀಟರು ನೀರನ್ನು ೨೫ ಡಿಗ್ರಿಯಿಂದ ೫೦ ಡಿಗ್ರಿಗೆ ಏರಿಸಲು ಸುಮಾರು ನಾಲ್ಕೂವರೆ ಯೂನಿಟ್ಟಿನಷ್ಟು ಶಾಖವು ಬೇಕು. ಸಾಧಾರಣ ಗೀಸರಿನಲ್ಲಿ ಅಷ್ಟನ್ನೂ ವಿದ್ಯುಚ್ಛಕ್ತಿಯಿಂದಲೇ ಕೊಡಬೇಕು. ಸರಿಯಾಗಿ ನಡೆಯುವ ಶಾಖದ ಪಂಪಾದರೋ ಒಂದು ಯೂನಿಟ್ಟು ವಿದ್ಯುತ್ತಿಗೆ ಗಾಳಿಯಿಂದ ಎರಡು ಯೂನಿಟ್ಟಿನಷ್ಟು ಶಾಖವನ್ನು ಕೂಡಿಸಿಕೊಂಡು, ಒಂದೂವರೆ ಯೂನಿಟ್ಟಿನಲ್ಲಿ ಕೆಲಸವನ್ನು ಮುಗಿಸುತ್ತದೆ. ತಿಂಗಳ ಮೇಲೆ ಹೇಳುವುದಾದರೆ ನೂರಾಮೂವತ್ತೈದರ ಕಡೆ ನಲವತ್ತೈದು. ಆದರೆ ‘ಸರಿಯಾಗಿ ನಡೆಯುವ’ ಎಂಬ ಮಾತನ್ನು ಮರೆಯತಕ್ಕುದಲ್ಲ. ಹೀರಲು ಬೆಚ್ಚನೆಯ ಗಾಳಿಯಿರಬೇಕು; ಏರಬೇಕಾದ ಎತ್ತರವು ಕಡಿಮೆಯಿರಬೇಕು. ಬಾವಿಯು ಆಳವಾದಷ್ಟೂ ರಾಟೆ ಎಳೆಯುವವರ ತೋಳು ಸೋಲುತ್ತದಷ್ಟೆ?

ಅಕ್ಕನ ಮನೆಯಲ್ಲಿ ಬಾವಿಯನ್ನು ಎರಡು ಕಡೆಯಿಂದಲೂ ಆಳ ಮಾಡಿದ್ದರು. ಬೀಗ ಹಾಕಿದ ಕೋಣೆಯಲ್ಲಿ ಯಂತ್ರವು ತಾನು ತಣ್ಣಗೆ ಮಾಡಿದ ಗಾಳಿಯನ್ನೇ ಮತ್ತೆ ಮತ್ತೆ ಹೀರುತ್ತಿದ್ದಿತು. ಮೇಲಾಗಿ, ಹಂಡೆಯಲ್ಲಿ ಕುದಿಕುದಿಯುವ ನೀರನ್ನು ಕಂಡು ರೂಢಿಯಾದ ಮನೆಯವರು ಯಂತ್ರದ ಅಂಕಿಯನ್ನು ೬೫ ಡಿಗ್ರಿಗೆ ಏರಿಸಿದ್ದರು. ಅಷ್ಟು ಬಿಸಿಯನ್ನು ಪಂಪು ಮುಟ್ಟಲಾರದೆ ಹೋದಾಗ ಒಳಗಿರುವ ವಿದ್ಯುತ್ತಿನ ಕಾಯುವ ಕಡ್ಡಿಯು ತಾನಾಗಿ ಹೊತ್ತಿಕೊಳ್ಳುತ್ತಿದ್ದಿತು. ಅದು ಹೊತ್ತಿತೆಂದರೆ ಯಂತ್ರವು ಬರಿಯ ಗೀಸರೇ ಸರಿ. ಹಾಕಿಹೋದವನು ಇದನ್ನು ಹೇಳಿರಲಿಲ್ಲ. ಮನೆಯವರೂ ಕೇಳಿರಲಿಲ್ಲ.

ಮೂರನೆಯ ತಪ್ಪು ಹೊತ್ತಿನದು. ಒಲೆ ಹಚ್ಚುತ್ತಿದ್ದ ನಾಲ್ಕು ಗಂಟೆಗೇ ಅಕ್ಕನು ಯಂತ್ರದ ಗುಂಡಿಯನ್ನೂ ಒತ್ತುತ್ತಿದ್ದಳು. ಮಾಗಿಯ ಆ ಜಾವದಲ್ಲಿ ಅಲ್ಲಿನ ಗಾಳಿಯು ೧೫ ಡಿಗ್ರಿಯ ಸುತ್ತ ಇರುತ್ತದೆ. ಅದೇ ದಿನ ಮಧ್ಯಾಹ್ನ ೩೦ರ ಹತ್ತಿರ. ಒಂದೇ ನೀರನ್ನು ಮಧ್ಯಾಹ್ನ ಕಾಯಿಸಿದರೆ ತಗಲುವ ಖರ್ಚಿಗೂ ಜಾವದಲ್ಲಿ ಕಾಯಿಸಿದರೆ ತಗಲುವುದಕ್ಕೂ ಒಳ್ಳೆಯ ಅಂತರವುಂಟು. “ಮಧ್ಯಾಹ್ನ ಕಾಯಿಸಿದ ನೀರು ಬೆಳಿಗ್ಗೆಗೆ ಆರಿಹೋಗದೇನೇ?” ಎಂದು ಅಕ್ಕನ ಪ್ರಶ್ನೆ. ಹಂಡೆಯಾದರೆ ಆರುತ್ತಿತ್ತು. ಇದರ ತೊಟ್ಟಿಗೆ ದಪ್ಪನೆಯ ಕವಚವಿದೆ. ಒಳ್ಳೆಯ ತೊಟ್ಟಿಯಾದರೆ ರಾತ್ರಿ ಕಳೆಯುವುದರೊಳಗೆ ನಾಲ್ಕಾರು ಡಿಗ್ರಿಗಿಂತ ಹೆಚ್ಚಾಗಿ ಇಳಿಯುವುದಿಲ್ಲ. ನಮ್ಮ ಹಿರಿಯರು ದೀಪಾವಳಿಯಲ್ಲಿ ನೀರು ತುಂಬುವ ಹಬ್ಬವನ್ನು ಮಾಡಿ ಹಿಂದಿನ ಸಂಜೆಯೇ ಹಂಡೆಯನ್ನು ತುಂಬಿಡುತ್ತಿದ್ದರಲ್ಲವೆ? ಈ ಯಂತ್ರಕ್ಕೆ ದಿನವೂ ನೀರು ತುಂಬುವ ಹಬ್ಬವೇ. ಇದು ನಿಧಾನದ ಪ್ರಾಣಿ. ಎಣ್ಣೆ ಹಚ್ಚಿಕೊಂಡು ಕುಳಿತ ಮೇಲೆ ಅವಸರಪಡಿಸಿದರೆ ಕಡ್ಡಿಯನ್ನು ಹೊತ್ತಿಸಿಕೊಳ್ಳುವುದೇ ಹೊರತು ಬೇಗ ಓಡುವುದಿಲ್ಲ. ನರಕ ಚತುರ್ದಶಿಗಾಗಲಿ ಜಾತ್ರೆಗಾಗಲಿ ನೆಂಟರು ಹೆಚ್ಚಾದರೆ ಹಿಂದಿನ ಮಧ್ಯಾಹ್ನವೇ ಕಾಯಿಸಿಡಬೇಕು.

ಮೈಗೆ ಹೊಯ್ದುಕೊಳ್ಳುವ ನೀರು ೪೦ ಡಿಗ್ರಿಯಿದ್ದರೆ ಸಾಕು. ೬೫ಕ್ಕೆ ಏರಿಸಿ ತಣ್ಣೀರು ಬೆರೆಸುವುದೆಂದರೆ, ಅಟ್ಟಕ್ಕೇರಿಸಿದ ಮೂಟೆಯನ್ನು ಮತ್ತೆ ನಡುಮನೆಗೆ ಇಳಿಸಿದಂತೆ. ದಿನದ ಬಳಕೆಗೆ ೫೦ ಡಿಗ್ರಿಯನ್ನು ಇಡಬಹುದು. ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಉಗುರುಬೆಚ್ಚಗಿನ ನೀರು ಬಹಳ ದಿನ ತೊಟ್ಟಿಯಲ್ಲಿ ನಿಂತರೆ ಅದರಲ್ಲಿ ರೋಗದ ಕ್ರಿಮಿಗಳು ಬೆಳೆಯಬಹುದು. ಆದುದರಿಂದ ವಾರಕ್ಕೊಮ್ಮೆ ೬೦ ಡಿಗ್ರಿಗೆ ಏರಿಸಿ ಕೆಲವು ಹೊತ್ತು ಹಾಗೆಯೇ ಬಿಡುವುದು ಕ್ಷೇಮ. ಊರಿಗೆ ಹೋಗಿ ಬಂದ ಮೇಲಂತೂ ತಪ್ಪದೆ ಮಾಡತಕ್ಕುದು. ಆ ದಿನ ಮಕ್ಕಳನ್ನು ನಲ್ಲಿಯ ಬಳಿಗೆ ಒಂಟಿಯಾಗಿ ಬಿಡಬಾರದು. ಅಂದಿನ ಖರ್ಚಿಗೆ ಜಿಪುಣತನವು ಬೇಡ.

ಮರುದಿನವೇ ಭಾವನವರು ಕಮ್ಮಾರನನ್ನು ಕರೆಸಿದರು. ಯಂತ್ರವು ಸೌದೆಯ ಕೋಣೆಯಿಂದ ಹೊರಬಂದು, ಹಿತ್ತಿಲಿನ ತೆರೆದ ಚಾವಡಿಯಲ್ಲಿ, ಗೋಡೆಗೆ ಗೇಣೆರಡು ಗೇಣು ದೂರವಾಗಿ, ಕಬ್ಬಿಣದ ಜಾಲರಿಯೊಳಗೆ ನಿಂತಿತು. ಕಳ್ಳರಿಗೆ ಅಡ್ಡಿ, ಗಾಳಿಗೆ ಅಡ್ಡಿಯಿಲ್ಲ. ತಂತಿಯ ಕೆಲಸವನ್ನೂ ಭೂಸಂಪರ್ಕವನ್ನೂ ಬಲ್ಲ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸಿದರು. ನೀರಿನ ಬಳಿಯ ವಿದ್ಯುತ್ತಿನಲ್ಲಿ ಸ್ವಂತ ಜಾಣತನವು ಸಲ್ಲದು. ತೊಟ್ಟಿಯಿಂದ ಬಚ್ಚಲಿಗೆ ಬರುವ ಕೊಳವೆಗೆ ಅಂಗಡಿಯಲ್ಲಿ ಸಿಕ್ಕುವ ಮೆತ್ತನೆಯ ಕವಚವನ್ನು ತೊಡಿಸಿದೆವು.

ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಏಳುವ ದೂಳು ಯಂತ್ರದ ತೆಳುರೆಕ್ಕೆಗಳ ನಡುವೆ ಕೂತು ಗಾಳಿಯನ್ನು ತಡೆಯುತ್ತದೆ. ತಿಂಗಳಿಗೊಮ್ಮೆ ವಿದ್ಯುತ್ತನ್ನು ಆರಿಸಿ ಮೆತ್ತನೆಯ ಕುಂಚದಿಂದ ಜಾಡಿಸಬೇಕು. ಬಿರುಸಾಗಿ ತಿಕ್ಕಿದರೆ ರೆಕ್ಕೆಗಳು ಮಡಿಚಿಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರಾದರೆ ತೊಟ್ಟಿಯೊಳಗೆ ಸುಣ್ಣದ ಪದರ ಕಟ್ಟುತ್ತದೆ. ವರ್ಷಕ್ಕೊಮ್ಮೆ ತಿಳಿದವರಿಂದ ತೊಳೆಸಿ, ತುಕ್ಕು ತಡೆಯಲೆಂದು ಒಳಗಿಟ್ಟಿರುವ ಮೆಗ್ನೀಸಿಯಮ್ ಕಡ್ಡಿಯು ಸವೆದಿದೆಯೇ ಎಂದು ನೋಡಿಸುವುದು ಒಳ್ಳೆಯದು.

ಬಿಸಿಲು ಧಾರಾಳವಾಗಿ ಬೀಳುವ ತಾರಸಿಯಿರುವವರಿಗೆ ಸೌರಶಕ್ತಿಯ ನೀರೊಲೆಯೇ ಮಿಗಿಲೆಂಬುದು ನನ್ನ ಅಭಿಪ್ರಾಯ. ಸೂರ್ಯನು ಬಿಲ್ಲು ಕಳುಹಿಸುವುದಿಲ್ಲ. ಆದರೆ ಆಷಾಢ-ಶ್ರಾವಣಗಳಲ್ಲಿ ವಾರಗಟ್ಟಲೆ ಮೋಡ ಕವಿಯುವ ಕಡೆಗಳಲ್ಲಿಯೂ, ಹೆಂಚಿನ ಮನೆಗಳಲ್ಲಿಯೂ, ಮರದ ನೆರಳಿರುವಲ್ಲಿಯೂ ಶಾಖದ ಪಂಪಿಗೆ ಸಮನಾದುದಿಲ್ಲ.

ಎರಡು ತಿಂಗಳ ತರುವಾಯ ಅಕ್ಕನು ದೂರವಾಣಿಯಲ್ಲಿ ಮಾತನಾಡಿದಳು. ಲೆಕ್ಕವು ಗಡಿಯೊಳಕ್ಕೆ ಇಳಿದಿದ್ದಿತು. ಭಾವನವರು ಒಲೆಯ ಮಾತನ್ನು ಎತ್ತುತ್ತಿಲ್ಲವಂತೆ. ಆದರೆ ಹೊಸದೊಂದು ಚಿಂತೆ: “ಯಂತ್ರದ ಕೆಳಗೆ ದಿನವೂ ನೀರು ತೊಟ್ಟಿಕ್ಕುತ್ತದಲ್ಲೇ, ತೊಟ್ಟಿ ಒಡೆದಿದೆಯೋ ಏನೋ!” ಒಡೆದಿಲ್ಲ, ತಂಪಾದ ಲೋಟದ ಹೊರಮೈಯಲ್ಲಿ ಹನಿ ಕಟ್ಟುವಂತೆ ಗಾಳಿಯಲ್ಲಿದ್ದ ನೀರಾವಿಯೇ ತಣಿದು ಹನಿಯಾಗಿದೆ, ಕುಡಿಯಬೇಡ, ಗಿಡಕ್ಕೆ ಹಾಕು ಎಂದೆನು. ಈಗ ಅಲ್ಲೊಂದು ಬಕೆಟ್ಟು ಇದೆಯಂತೆ. ತಾಮ್ರದ ಹಂಡೆಯನ್ನು ಮಾತ್ರ ಅವಳು ಮಾರಿಲ್ಲ; ನೀರು ತುಂಬುವ ಹಬ್ಬಕ್ಕೆ ಅದನ್ನು ತೊಳೆದು, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಯಂತ್ರದ ಬಿಸಿನೀರನ್ನೇ ಅದಕ್ಕೆ ತುಂಬುತ್ತಾಳೆ.