ತಡೆಯುವ ಕೋಶಗಳೇ ನಡೆಸುವ ಕೋಶಗಳು

ಕುಂಟೆಬಿಲ್ಲೆ ಆಡುವ ಹುಡುಗಿಯನ್ನು ಗಮನಿಸಿ. ಒಂಟಿಕಾಲಲ್ಲಿ ಹಾರಬೇಕು, ಗೆರೆ ತುಳಿಯಬಾರದು, ಬಿಲ್ಲೆ ಬಿದ್ದ ಮನೆಯನ್ನು ದಾಟಬೇಕು. ಹಾರುವುದು ಎಷ್ಟು ಮುಖ್ಯವೋ, ಎತ್ತಿದ ಕಾಲನ್ನು ಕೆಳಗಿಡದೆ ಇರುವುದೂ ಅಷ್ಟೇ ಮುಖ್ಯ. ನಮ್ಮ ಪ್ರತಿಯೊಂದು ಚಲನೆಯ ಹಿಂದೆಯೂ ಹೀಗೆ ಹತ್ತಾರು ‘ಬೇಡ’ಗಳಿರುತ್ತವೆ. ಅವನ್ನು ಹೇಳುವವರು ಯಾರು?

ಮಿದುಳಿನ ನರಕೋಶಗಳಲ್ಲಿ ಎರಡು ಮುಖ್ಯ ಬಗೆ. ತನ್ನ ಸಂಪರ್ಕದಲ್ಲಿರುವ ಕೋಶವನ್ನು ಕೆರಳಿಸುವುದು ಒಂದು ಬಗೆ, ಸುಮ್ಮನಾಗಿಸುವುದು ಇನ್ನೊಂದು. ಕೆರಳಿಸುವ ಕೋಶಗಳು ಹೆಚ್ಚಾಗಿ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ತಡೆಯುವ ಕೋಶಗಳದು ಗಾಬಾ. ಮಿದುಳಿನ ಹೊರಪದರದಲ್ಲಿ ಸುಮಾರು ಐದು ಕೋಶಗಳಿಗೆ ಒಂದು ಮಾತ್ರ ತಡೆಯುವಂಥದ್ದು. ಆದರೆ ಮಿದುಳಿನ ಆಳದಲ್ಲಿ, ಎಡಬಲ ಎರಡೂ ಕಡೆ ಇರುವ ‘ಸ್ಟ್ರಯೇಟಮ್’ ಎಂಬ ಭಾಗಕ್ಕೆ ಹೋದರೆ ಲೆಕ್ಕವೇ ತಲೆಕೆಳಗು. ಅಲ್ಲಿ ಬಹುತೇಕ ಎಲ್ಲವೂ ತಡೆಯುವ ಕೋಶಗಳೇ! ಬೂದುಬಣ್ಣದ ಈ ಭಾಗದ ನಡುವೆ ಬಿಳಿಯ ನರತಂತುಗಳು ಹಾದುಹೋಗುವುದರಿಂದ ಅದು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಹೆಸರಿನ ಅರ್ಥವೂ ಅದೇ. ಇಲಿಗಳಲ್ಲಿ ಇಲ್ಲಿನ ಶೇಕಡಾ 90ಕ್ಕೂ ಹೆಚ್ಚು ಕೋಶಗಳು ಮೈತುಂಬ ಸಣ್ಣ ಮುಳ್ಳುಗಳಿರುವ ಒಂದೇ ಜಾತಿಯವು. ಅವನ್ನು ‘ಮುಳ್ಳುಕೋಶ’ ಎನ್ನೋಣ.

ಎಲ್ಲರೂ ‘ಬೇಡ’ ಎನ್ನುವವರೇ ಆದರೆ ಕೆಲಸ ನಡೆಯುವುದು ಹೇಗೆ? ಉತ್ತರ ನಿಮ್ಮ ಗಣಿತದ ಪುಸ್ತಕದಲ್ಲಿದೆ. ಋಣವನ್ನು ಋಣದಿಂದ ಗುಣಿಸಿದರೆ ಧನ. ಸ್ಟ್ರಯೇಟಮಿನ ಪಕ್ಕದ ‘ಪ್ಯಾಲಿಡಮ್’ ಎಂಬ ಭಾಗವೂ ತಡೆಯುವಂಥದ್ದೇ. ಅದರ ಕೋಶಗಳು ಬಿಡುವಿಲ್ಲದೆ ಸಂಕೇತ ಕಳಿಸುತ್ತಾ, ಚಲನೆಗೆ ನೆರವಾಗುವ ಥಲಾಮಸನ್ನು ಅದುಮಿಟ್ಟಿರುತ್ತವೆ. ಕೆರೆಯ ತೂಬನ್ನು ಸದಾ ಮುಚ್ಚಿಟ್ಟ ಹಾಗೆ. ಮುಳ್ಳುಕೋಶ ಎಚ್ಚೆತ್ತು ಪ್ಯಾಲಿಡಮನ್ನು ಸುಮ್ಮನಾಗಿಸಿದಾಗ ತೂಬು ತೆರೆಯುತ್ತದೆ, ಕೈಕಾಲು ಆಡುತ್ತದೆ. ಮುಳ್ಳುಕೋಶಗಳ ಇನ್ನೊಂದು ಗುಂಪು ಸುತ್ತುದಾರಿಯಲ್ಲಿ ಹೋಗಿ ತೂಬನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಈ ಎರಡು ಗುಂಪುಗಳ ತಕ್ಕಡಿಯನ್ನು ಸರಿತೂಗಿಸುವುದು ಡೋಪಮೈನ್. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅದು ಕಡಿಮೆಯಾಗಿ ಬಿಗಿಯುವ ಕಡೆಯೇ ಮೇಲುಗೈಯಾಗುತ್ತದೆ. ಅಜ್ಜನ ನಡಿಗೆ ನಿಧಾನವಾಗುವುದು, ಅಕ್ಷರ ಸಣ್ಣದಾಗುವುದು ಇದರಿಂದಲೇ.

ಒಂದು ಗುಂಪು ಚಲಿಸುವಾಗ, ಇನ್ನೊಂದು ನಿಲ್ಲುವಾಗ ಮಾತ್ರ ಕೆಲಸ ಮಾಡುತ್ತದೆ ಎಂಬ ಎಣಿಕೆ ಬಹುಕಾಲ ಇತ್ತು. 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಚಲನೆ ಆರಂಭವಾಗುವಾಗ ಎರಡೂ ಗುಂಪುಗಳು ಒಟ್ಟಿಗೇ ಚುರುಕಾಗುವುದು ಕಂಡುಬಂತು. ಬೇಕಾದ ಚಲನೆಗೆ ದಾರಿ ಬಿಡುತ್ತಲೇ ಬೇಡದ್ದನ್ನು ಮುಚ್ಚುವುದೂ ನಡೆಯುತ್ತದೆ ಎಂಬುದು ಇದರ ಒಂದು ವಿವರಣೆ. ಕುಂಟೆಬಿಲ್ಲೆಯ ಎರಡು ಕಾಲುಗಳನ್ನು ನೆನೆಸಿಕೊಳ್ಳಿ.

ಮುಳ್ಳುಕೋಶ ಸುಲಭಕ್ಕೆ ಏಳುವಂಥದ್ದಲ್ಲ. ಹೊರಪದರದಿಂದ ಅನೇಕ ಸಂಕೇತಗಳು ಒಟ್ಟಿಗೆ ಬಂದರಷ್ಟೇ ಏಳುತ್ತದೆ. ಸಾಲದ್ದಕ್ಕೆ ಅದರ ಮೇಲೊಂದು ಕಾವಲು. ಸಂಖ್ಯೆಯಲ್ಲಿ ತೀರ ಕಡಿಮೆ ಇರುವ, ಅತಿ ವೇಗವಾಗಿ ಮಿಡಿಯುವ ಇನ್ನೊಂದು ಬಗೆಯ ತಡೆಕೋಶಗಳಿವೆ. ಇಂಥ ಒಂದೇ ಕೋಶ ಅನೇಕ ಮುಳ್ಳುಕೋಶಗಳ ಮಿಡಿತವನ್ನು ತಡಮಾಡಬಲ್ಲದು ಇಲ್ಲವೇ ನಿಲ್ಲಿಸಬಲ್ಲದು ಎಂದು 1999ರಲ್ಲಿ ಇಲಿಯ ಮಿದುಳಿನ ತೆಳುಹೋಳುಗಳಲ್ಲಿ ತೋರಿಸಲಾಯಿತು. ಯಾವ ಕೋಶ ಯಾವ ಗಳಿಗೆಯಲ್ಲಿ ಮಾತಾಡಬೇಕೆಂಬ ಶಿಸ್ತಿನಲ್ಲಿ ಈ ಅಲ್ಪಸಂಖ್ಯಾತರ ಪಾತ್ರ ದೊಡ್ಡದು.

ಕಾವಲು ಸಡಿಲವಾದರೆ? ಕೋತಿಯ ಸ್ಟ್ರಯೇಟಮಿನ ಒಂದು ಚಿಕ್ಕ ಜಾಗದಲ್ಲಿ ಗಾಬಾದ ಕೆಲಸವನ್ನು ಔಷಧದಿಂದ ತಡೆದಾಗ, ಅದರ ಮುಖವೋ ಕೈಯೋ ಪದೇಪದೇ ತಾನಾಗಿಯೇ ಅದುರುತ್ತದೆ. ಮನುಷ್ಯರಲ್ಲಿ ಇದನ್ನೇ ಹೋಲುವ ತೊಂದರೆಯನ್ನು ಫ್ರಾನ್ಸಿನ ವೈದ್ಯ ಜಿಲ್ ದ ಲಾ ಟುರೆಟ್ 1885ರಲ್ಲಿ ವಿವರಿಸಿದ. ಆ ತೊಂದರೆಯಿದ್ದ ಕೆಲವರ ಮಿದುಳನ್ನು ಮರಣಾನಂತರ ಪರೀಕ್ಷಿಸಿದಾಗ ಸ್ಟ್ರಯೇಟಮಿನಲ್ಲಿ ವೇಗದ ತಡೆಕೋಶಗಳು ಕಡಿಮೆಯಿದ್ದವೆಂದು 2005ರಲ್ಲಿ ವರದಿಯಾಯಿತು. ಪರೀಕ್ಷಿಸಿದ ಮಿದುಳುಗಳು ಕೆಲವೇ. ಹಾಗಾಗಿ ಇದೊಂದೇ ಕಾರಣ ಎನ್ನುವಂತಿಲ್ಲ.

ತಂದೆತಾಯಿಗಳು ಇದನ್ನು ಗಮನಿಸಬೇಕು. ಐದಾರು ವರ್ಷದ ಮಗು ಸುಮ್ಮಸುಮ್ಮನೆ ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು, ಗಂಟಲು ಕೆರೆಯುವುದು ಉಂಟು. ‘ಕೆಟ್ಟ ಚಾಳಿ’ ಎಂದು ಮನೆಯಲ್ಲಿ ಗದರುತ್ತೇವೆ, ತರಗತಿಯಲ್ಲಿ ನಿಲ್ಲಿಸುತ್ತಾರೆ. ಮಗು ಅದನ್ನು ಸ್ವಲ್ಪ ಹೊತ್ತು ತಡೆಹಿಡಿಯಬಲ್ಲದು, ಸೀನನ್ನು ತಡೆಹಿಡಿದ ಹಾಗೆ. ಅದಕ್ಕೇ ಬೇಕೆಂದೇ ಮಾಡುತ್ತಿದೆ ಎಂಬ ಅನುಮಾನ ನಮಗೆ. ಆದರೆ ಗದರಿದಷ್ಟೂ ಆತಂಕ, ಆತಂಕವಾದಷ್ಟೂ ಅದು ಹೆಚ್ಚು. ಎಷ್ಟೋ ಮಕ್ಕಳಲ್ಲಿ ಇದು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಉಳಿದವರಲ್ಲೂ ಹರೆಯ ಕಳೆಯುವ ಹೊತ್ತಿಗೆ ಸಾಮಾನ್ಯವಾಗಿ ತಗ್ಗುತ್ತದೆ. ಓದಿಗೆ, ಆಟಕ್ಕೆ ಅಡ್ಡಿಯಾಗುವಷ್ಟಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಔಷಧಗಳೂ ಇವೆ, ಔಷಧವಿಲ್ಲದ ತರಬೇತಿಯೂ ಇದೆ.

ವಿದ್ಯಾರ್ಥಿಗಳೇ, ಪಕ್ಕದ ಬೆಂಚಿನ ಗೆಳೆಯನ ಭುಜ ಕುಣಿದರೆ ಅಣಕಿಸಬೇಡಿ. ಅವನು ನಿಮ್ಮನ್ನು ನಗಿಸಲೆಂದು ಹಾಗೆ ಮಾಡುತ್ತಿಲ್ಲ. ನಗು ಬಂದರೂ ತಡೆದುಕೊಳ್ಳಿ. ತಡೆಯುವ ಶಕ್ತಿ ನಿಮ್ಮ ಮಿದುಳಿಗೂ ಇದೆಯಲ್ಲ!