ಐದು ಸಾವಿರ ರೂಪಾಯಿಯ ಕೃಷಿ ಪಾಠ

ಶಾಲೆಗಳ ಕೈತೋಟಕ್ಕೆ ಸರ್ಕಾರ ದುಡ್ಡು ಕೊಡಬೇಕು ಎಂದರೆ ಸಾಕು, ಬಸವನಗುಡಿ, ಮಲ್ಲೇಶ್ವರದ ಬೆಳಗಿನ ವಾಕಿಂಗ್ ಗುಂಪುಗಳಲ್ಲಿ ಒಂದೇ ರಾಗ ಏಳುತ್ತದೆ. ಪೇಟೆ ಮಕ್ಕಳಿಗೆ ಬೇಸಾಯ ಕಟ್ಟಿಕೊಂಡು ಏನಾಗಬೇಕು? ಮೊದಲು ಇಂಗ್ಲಿಷು, ಲೆಕ್ಕ ಸರಿಯಾಗಿ ಕಲಿಸಲಿ, ತೆರಿಗೆ ದುಡ್ಡು ದಂಡ ಮಾಡುವುದು ಬೇಡ. ಹೀಗೆ ದಂಡವಾಗುತ್ತಿರುವ ದುಡ್ಡು ಎಷ್ಟು ಎಂದು ಕೇಳಿದವರು ಮಾತ್ರ ಆ ಗುಂಪಿನಲ್ಲಿ ಇದ್ದಂತಿಲ್ಲ.

ಐದು ಸಾವಿರ ರೂಪಾಯಿ.

2019ರ ಅಕ್ಟೋಬರ್‌ನಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಬಿಸಿಯೂಟದ ಹಣದಲ್ಲೇ ಒಂದಿಷ್ಟು ತೆಗೆದು ತೋಟವೊಂದಕ್ಕೆ 5,000 ರೂಪಾಯಿ ಎಂದು ಲೆಕ್ಕ ಹಿಡಿದರು. ವರ್ಷದ 365 ದಿನಕ್ಕೆ ಹಂಚಿದರೆ ದಿನಕ್ಕೆ 13 ರೂಪಾಯಿ 70 ಪೈಸೆ. ವಾಕಿಂಗ್ ಮುಗಿಸಿ ಗಾಂಧಿ ಬಜಾರಿಗೆ ಹೋಗುವ ಹಿರಿಯರಿಗೆ ಅಷ್ಟಕ್ಕೆ ಒಂದು ಲೋಟ ಕಾಫಿ ಸಿಗುತ್ತದೆಯೇ ಎಂದು ಅವರೇ ಹೇಳಲಿ. ಇದರಲ್ಲಿ ಮಣ್ಣು, ಗೊಬ್ಬರ, ಬೀಜ, ಕುಂಡ, ನೀರು, ಬೇಲಿ ಎಲ್ಲ ಆಗಬೇಕು. ಜೊತೆಗೆ ಮಕ್ಕಳಿಗೆ ಕೃಷಿಯ ಬಗ್ಗೆ ಗೌರವವೂ ಹುಟ್ಟಬೇಕಂತೆ!

ಈ ಪವಾಡವನ್ನು ಸುಲ್ತಾನ್‌ಪೇಟೆಯಲ್ಲಿ ಮಾಡಿ ತೋರಿಸಲಿ. ಮದುವೆ ಕಾರ್ಡ್ ಅಂಗಡಿಗಳು, ಕಾಗದದ ಬಂಡಲ್ ಹೊತ್ತ ಗಾಡಿಗಳು ಇಕ್ಕಟ್ಟಿನ ರಸ್ತೆಗಳನ್ನೆಲ್ಲ ತುಂಬಿಕೊಂಡಿರುವ ಜಾಗ ಅದು. ಹಳೇ ಪೇಟೆಯ ಶಾಲೆಗಳಲ್ಲಿ ಅಂಗಳ ಎನ್ನುವುದು ಇದ್ದರೆ ಅದೇ ಭಾಗ್ಯ. ಇದ್ದ ಅಂಗಳಕ್ಕೂ ಸಿಮೆಂಟು ಬಳಿದಿರುತ್ತದೆ. ಮಾರ್ಗಸೂಚಿ ಬರೆದವರು ಜಾಣರು, ಇದಕ್ಕೂ ಉತ್ತರ ಇಟ್ಟಿದ್ದಾರೆ. ಜಾಗ ಇಲ್ಲವೇ, ತಾರಸಿಯ ಮೇಲೆ ಬೆಳೆಯಿರಿ, ಕುಂಡದಲ್ಲಿ ಬೆಳೆಯಿರಿ. ಸರಿ, ತಾರಸಿಗೆ ನೀರು ಹೊರುವವರು ಯಾರು? ಒಂದು ಲೋಡ್ ಕೆಮ್ಮಣ್ಣು ತರಿಸಿ ಮೇಲಕ್ಕೆ ಹೊರಿಸುವಷ್ಟರಲ್ಲಿ ಐದು ಸಾವಿರ ಮುಗಿದಿರುತ್ತದೆ.

ಅದಕ್ಕಿಂತ ದೊಡ್ಡ ತಮಾಷೆ ಬೇಸಿಗೆ ರಜೆಯದ್ದು. ಏಪ್ರಿಲ್ ಎರಡನೇ ವಾರದಲ್ಲಿ ಶಾಲೆಗೆ ಬೀಗ ಬಿದ್ದರೆ ತೆಗೆಯುವುದು ಮೇ ಕೊನೆಗೆ. ಬೆಂಗಳೂರಿನ ಬಿಸಿಲು ನೆತ್ತಿ ಸುಡುವುದೂ ಆಗಲೇ. ಜನವರಿಯಲ್ಲಿ ಫೋಟೊ ತೆಗೆಸಿಕೊಂಡ ಬದನೆ ಗಿಡ ಜೂನ್‌ನಲ್ಲಿ ಕಡ್ಡಿಯಾಗಿ ನಿಂತಿದ್ದರೆ, ‘ನೋಡಿ, ಪೇಟೆ ಮಕ್ಕಳಿಗೆ ಇದೆಲ್ಲ ಆಗಿಬರಲ್ಲ’ ಎನ್ನುವವರಿಗೆ ಒಂದು ಸಾಕ್ಷಿ ಸಿಕ್ಕಿತು. ಗಿಡ ಸತ್ತದ್ದು ನೀರಿಲ್ಲದೆ. ನೀರು ಹಾಕುವ ಆಳಿಗೆ ಸಂಬಳದ ಲೆಕ್ಕವನ್ನೇ ಯಾರೂ ಬರೆಯಲಿಲ್ಲ.

ಹಳ್ಳಿಯ ಶಾಲೆಗಳಲ್ಲಿ ನರೇಗಾ ಕೂಲಿಯಿಂದಾದರೂ ಪೌಷ್ಟಿಕ ಕೈತೋಟ ಮಾಡಿಸಿದರು. ಆ ಯೋಜನೆ ಇದ್ದದ್ದು ಗ್ರಾಮೀಣ ಭಾಗಕ್ಕೆ ಮಾತ್ರ, ಚಾಮರಾಜಪೇಟೆಗೆ ಅದರ ಕಾಸೂ ಬರುವಂತಿರಲಿಲ್ಲ. ಇಲ್ಲಿ ಎಲ್ಲವೂ ಹೆಡ್‌ಮಾಸ್ಟರ ತಲೆಗೆ. ಜನಗಣತಿ, ಚುನಾವಣೆ, ಮೊಟ್ಟೆ ಲೆಕ್ಕ, ಅದರ ಮೇಲೆ ಮೆಂತ್ಯ ಸೊಪ್ಪು.

ಬೆಳೆದ ಸೊಪ್ಪಾದರೂ ಎಲ್ಲಿಗೆ ಹೋಗಬೇಕು? ಮಕ್ಕಳು ಬೆಳೆದದ್ದು ಅವರದೇ ಬಿಸಿಯೂಟದ ಸಾರಿಗೆ ಬೀಳಬೇಕು ಎಂಬುದೇ ಯೋಜನೆಯ ಜೀವಾಳ. ಆದರೆ 2000ದಲ್ಲಿ ಅಕ್ಷಯಪಾತ್ರ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿದ್ದು ಇದೇ ಬೆಂಗಳೂರಿನಲ್ಲಿ. ಅಲ್ಲಿಂದೀಚೆಗೆ ನಗರದ ಎಷ್ಟೋ ಸರ್ಕಾರಿ ಶಾಲೆಗಳಿಗೆ ಅನ್ನ, ಸಾಂಬಾರು ವ್ಯಾನಿನಲ್ಲೇ ಬಂದು ಇಳಿಯುತ್ತದೆ. ಅಂಥ ಶಾಲೆಯಲ್ಲಿ ಒಲೆಯೇ ಇಲ್ಲ. ಒಲೆ ಇಲ್ಲದ ಕಡೆ ಅಡುಗೆ ತೋಟಕ್ಕೆ ಅನುದಾನ ಕೊಡುವ ಬುದ್ಧಿವಂತಿಕೆಗೆ ಯಾವ ಪ್ರಶಸ್ತಿ ಕೊಡಬೇಕೋ ತಿಳಿಯದು.

ಒಲೆ, ಆಳು ಎರಡನ್ನೂ ಲೆಕ್ಕಕ್ಕೆ ಹಿಡಿದ ಕಡೆ ಏನಾಯಿತು ನೋಡಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1995ರಲ್ಲಿ ಒಂದು ಸರ್ಕಾರಿ ಶಾಲೆಯ ಒಂದು ಎಕರೆಯಲ್ಲಿ ತೋಟ ಎಬ್ಬಿಸಿದರು. ತೋಟದ ಜೊತೆಗೆ ಅಡುಗೆ ತರಗತಿ ಇಟ್ಟರು, ಕಲಿಸಲು ಸಂಬಳದ ಸಿಬ್ಬಂದಿ ಇಟ್ಟರು. ಅದು ಇವತ್ತಿಗೂ ನಡೆಯುತ್ತಿದೆ.

ಇನ್ನೊಂದು ಗುಂಪಿನ ವರಸೆ ಬೇರೆ. ಮಕ್ಕಳ ಕೈಗೆ ಗುದ್ದಲಿ ಕೊಟ್ಟರೆ ಅದು ಬಾಲಕಾರ್ಮಿಕ ಪದ್ಧತಿಯಂತೆ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ನಾಚಿಕೆಗೇಡು. ಅದನ್ನು ಮಾಡಿಸಿದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಆ ಪಾಪವನ್ನು ತೊಂಡೆ ಬಳ್ಳಿಗೆ ಸುತ್ತುವುದು ಯಾವ ನ್ಯಾಯ? ಲಕ್ಷಗಟ್ಟಲೆ ಫೀಸಿನ ಶಾಲೆಯವರು ಮಕ್ಕಳನ್ನು ಬಸ್ಸಿನಲ್ಲಿ ಹೊಲಕ್ಕೆ ಕರೆದೊಯ್ದು ಕೆಸರು ಮೆಟ್ಟಿಸಿದರೆ ಅದು ಅನುಭವ ಶಿಕ್ಷಣ, ಅದಕ್ಕೆ ಪ್ರತ್ಯೇಕ ಶುಲ್ಕ ಬೇರೆ. ಸರ್ಕಾರಿ ಶಾಲೆಯ ಹುಡುಗ ಬೀಜ ಊರಿದರೆ ಶೋಷಣೆ.

ಬೇಸಾಯ ಬೆಂಗಳೂರಿನದಲ್ಲವಂತೆ! ಬಸವನಗುಡಿಯ ಕಡಲೆಕಾಯಿ ಪರಿಷೆ ಮತ್ತೇನು? ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಕಡಲೆಕಾಯಿ ಬೆಳೆದ ನೆಲದ ಮೇಲೆಯೇ ಈಗಿನ ಮನೆಗಳು ನಿಂತಿವೆ. ಚೈತ್ರ ಹುಣ್ಣಿಮೆಯ ರಾತ್ರಿ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೆ ಬರುವ ಕರಗ ತೋಟಗಾರ ತಿಗಳರದು. ಅವರ ತೋಟಗಳಿಗೆ ಆಸರೆಯಾಗಿದ್ದ ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಕೆರೆ ನುಂಗಿದ ಊರಿನವರೇ ಈಗ, ಇಲ್ಲಿನ ಮಕ್ಕಳಿಗೂ ಮಣ್ಣಿಗೂ ಸಂಬಂಧವಿಲ್ಲ ಎಂದು ತೀರ್ಪು ಕೊಡುತ್ತಾರೆ. ಚಾಮರಾಜಪೇಟೆಯ ಎರಡು ಎಕರೆ ಚಿಲ್ಲರೆ ಮೈದಾನದ ಜಗಳ 2022ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಶಾಲೆಯ ಅಂಗಳಕ್ಕೆ ಸಿಮೆಂಟು ಬಳಿದಾಗ ವಾರ್ಡ್ ಕಚೇರಿಯವರೆಗೂ ಯಾರೂ ಹೋಗಲಿಲ್ಲ.

ಬೇಕಾಗಿರುವುದು ಮಾಲಿ. ನಾಲ್ಕೈದು ಶಾಲೆಗಳಿಗೆ ಒಬ್ಬ, ಹನ್ನೆರಡು ತಿಂಗಳ ಸಂಬಳದ ಮೇಲೆ, ಬೇಸಿಗೆ ರಜೆಯಲ್ಲೂ ನೀರು ಹಾಕುವವನು. ಅಂಥವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರೈತರ ಮಕ್ಕಳಿಗೆ ತೋಟಗಾರಿಕೆ ತರಬೇತಿ ಕೊಡುವ ಕೇಂದ್ರ ಲಾಲ್‌ಬಾಗ್‌ನಲ್ಲೇ ಇದೆ. ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನ ನಡೆಸಿ ಗಾಜಿನ ಮನೆ ತುಂಬ ಹೂ ಜೋಡಿಸುವ ಇಲಾಖೆಗೆ, ನಡೆದು ಹೋಗುವಷ್ಟು ದೂರದ ಶಾಲೆಗಳಿಗೆ ಆಳು ಕಳಿಸುವುದು ಕಷ್ಟವೇ? ಮುಂದಿನ ಬಜೆಟ್ಟಿನಲ್ಲಿ ಮಾಲಿಯ ಸಂಬಳ, ಒಂದು ನಲ್ಲಿ, ಒಂದು ಒಲೆ ಇಷ್ಟಕ್ಕೆ ಹಣ ಇಡಲಿ. ಆಗದಿದ್ದರೆ ಆ ಐದು ಸಾವಿರವನ್ನೂ ವಾಪಸ್ ತೆಗೆದುಕೊಳ್ಳಲಿ. ಮುಂದಿನ ಕೈತೋಟದ ಉದ್ಘಾಟನೆಗೆ ಫ್ಲೆಕ್ಸ್ ಹಾಕಿಸಲು ಆಗುತ್ತದೆ.